ಎಪ್ಪತ್ತಾರು ಎಲೆ

ಸದಾನಂದರ ಆಫೀಸಿನಲ್ಲಿ ಜನರನ್ನು ಎಲೆಯಲ್ಲಿ ಎಣಿಸುತ್ತಿದ್ದರು.

ಸಾಂತಾಕ್ರೂಜ್ ಸ್ಟೇಷನ್ನಿನ ಪೂರ್ವಕ್ಕೆ, ಒಂದು ಉಡುಪಿ ಹೋಟೆಲಿನ ಮೇಲಿದ್ದ ಆ ಆಫೀಸೆಂದರೆ ಎರಡು ಮೇಜು, ನಾಲ್ಕು ಕುರ್ಚಿ, ಕೆಳಗಿನಿಂದ ಏರಿಬರುವ ಸಾಂಬಾರಿನ ವಾಸನೆ. ಸದಾನಂದರು ಕಾಪು ಕಡೆಯವರು. ಇಪ್ಪತ್ತೈದು ವರ್ಷ ಮುಂಬಯಿಯ ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸಿ, ಮೊಣಕಾಲು ಸೋತ ಮೇಲೆ ಈ ಹೊಸ ಕೆಲಸಕ್ಕೆ ಇಳಿದಿದ್ದರು. ದೊಡ್ಡ ದೊಡ್ಡ ಈವೆಂಟ್‌ನವರ ಬಾಗಿಲಿಗೆ ಹೋಗಲಾರದ ಸಣ್ಣ ಕಂಪನಿಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದವು. ವರ್ಷದ ಮೀಟಿಂಗು ಆಗಬೇಕು, ಸ್ವಲ್ಪ ಮಜವೂ ಇರಬೇಕು, ಆದರೆ ಸಮುದ್ರದ ಮೇಲೆ ಒಂದು ಸುತ್ತೂ ಆಗಬೇಕು, ಕೈಯಲ್ಲಿರುವ ಬಜೆಟ್ಟು ಮಾತ್ರ ಇಷ್ಟೇ. ಸದಾನಂದರು ಕನ್ನಡಕ ಮೇಲೇರಿಸಿ ಕೇಳುತ್ತಿದ್ದ ಮೊದಲ ಪ್ರಶ್ನೆ, "ಎಷ್ಟು ಎಲೆ?" ಬಾಳೆ ಎಲೆ ಹಾಕಿ ಬಡಿಸಿದ ಮನುಷ್ಯನಿಗೆ ನೂರು ಜನ ಎಂದರೆ ನೂರು ಎಲೆ. ಕಂಪನಿಯವರು ಪಿಂಗಾಣಿ ಬಟ್ಟಲಿನಲ್ಲಿ ಪಾಸ್ತಾ ತಿಂದರೂ ಅವರ ನೋಟ್‌ಬುಕ್ಕಿನಲ್ಲಿ ಅದು ಒಂದು ಎಲೆಯೇ.

ಎರಡು ವರ್ಷ ಅದನ್ನೇ ಕೇಳಿ ಕೇಳಿ ಸೇವಂತಿಯ ಬಾಯಿಗೂ ಆ ಮಾತು ಹತ್ತಿತ್ತು. ಬಾಯಿ ಎಂದರೂ ಅವಳು ಅದನ್ನು ತೆರೆಯುತ್ತಿದ್ದದ್ದು ಅಪರೂಪ.

ಸೇವಂತಿಗೆ ಇಪ್ಪತ್ತೊಂದು. ಅವಳ ತಂದೆತಾಯಿ ಸಿಂದಗಿ ಕಡೆಯಿಂದ ಬಂದು ವಿಕ್ರೋಳಿಯ ಗುಡ್ಡದ ಚಾಳಿನಲ್ಲಿ ನೆಲೆಸಿದವರು. ತಂದೆ ಶಾಂತಪ್ಪ ಒಂದು ಬಿಲ್ಡಿಂಗಿನ ವಾಚ್‌ಮನ್. ತಾಯಿ ಇಂದ್ರಾಬಾಯಿ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರಾಕ್ಟಿನ ಮೇಲೆ ಕಸ ಗುಡಿಸುವವಳು. ಏಳನೆಯ ಇಯತ್ತೆಯವರೆಗೆ ಸೇವಂತಿ ಕನ್ನಡ ಶಾಲೆಯಲ್ಲಿ ಕಲಿತಳು. ಅಲ್ಲಿಗೆ ಆ ಶಾಲೆ ಮುಗಿಯಿತು. ಎಂಟಕ್ಕೆ ಮರಾಠಿ ಶಾಲೆ. ಮೊದಲ ವಾರವೇ ಅವಳು ಎದ್ದು ನಿಂತು ಹೇಳಿದ ಒಂದು ವಾಕ್ಯಕ್ಕೆ ಇಡೀ ವರ್ಗ ನಕ್ಕಿತು. ಆಮೇಲೆ ಅವಳು ಆರು ತಿಂಗಳು ಒಂದೂ ಮಾತಾಡದೆ ಕುಳಿತು, ಏಳನೆಯ ತಿಂಗಳು ಹೋಗುವುದನ್ನೇ ಬಿಟ್ಟಳು.

ಆಫೀಸಿಗೆ ಅವಳು ಬಂದದ್ದು ಗುಡಿಸಿ ಚಹಾ ಮಾಡಲು. ಕಾರ್ಯಕ್ರಮಗಳಿಗೆ ಹೋದಾಗ ಬಾಗಿಲ ಪಕ್ಕ ನಿಂತು ನೋಡುತ್ತಿದ್ದಳು. ಯಾವ ತಟ್ಟೆ ತುಂಬಿದ್ದು ತುಂಬಿದ ಹಾಗೆಯೇ ವಾಪಸು ಬರುತ್ತದೆ, ಯಾರು ಕೇಕಿನ ಮೇಲಿನ ಕೆನೆ ಕೆರೆದು ಬಿಡುತ್ತಾರೆ, ಯಾವ ಕುರ್ಚಿ ಖಾಲಿ ಉಳಿಯುತ್ತದೆ. ಆರು ತಿಂಗಳಾದ ಮೇಲೆ ಒಂದು ದಿನ, ನೆಲ ಒರೆಸುತ್ತಲೇ, ತಲೆ ಎತ್ತದೆ ಹೇಳಿದಳು, "ಅಣ್ಣಾರ, ನೀರಿನ ಬಾಟ್ಲಿ ಎಲ್ಲಾರೂ ಅರ್ಧಾ ಕುಡದು ಇಡ್ತಾರ್ರಿ. ಜಗ್ ಇಟ್ರ ನಡೀತದ."

ಸದಾನಂದರು ಪೆನ್ನು ಕೆಳಗಿಟ್ಟರು. "ಯಕ್ಷಿತಾ, ಕೇಳಿದೆಯಾ? ನೀನು ಲ್ಯಾಪ್‌ಟಾಪಿನಲ್ಲಿ ಎರಡು ದಿನ ಹುಡುಕಿದ್ದನ್ನು ಇವಳು ಬಕೆಟ್ ಹಿಡಿದುಕೊಂಡೇ ಹುಡುಕಿದಳು."

ಯಕ್ಷಿತಾ ಅವರ ತಂಗಿಯ ಮಗಳು, ಮುಂಬಯಿಯ ದಹಿಸರಿನಲ್ಲೇ ಹುಟ್ಟಿ ಬೆಳೆದವಳು, ಆಫೀಸಿನ ಇಮೇಲು ನೋಡಿಕೊಳ್ಳುವವಳು. "ವಾವ್ ಸೇವಂತಿ, ಛುಪಿ ರುಸ್ತುಂ," ಎಂದು ನಕ್ಕಳು. ಆವತ್ತಿನಿಂದ ಸೇವಂತಿಯ ಕೈಗೆ ಖರ್ಚಿನ ಪಟ್ಟಿಗಳು ಬಂದವು.

"ಬಜೆಟ್ ಅಂದ್ರೆ ಇಷ್ಟೇ ಮಾರಾಯ್ತಿ," ಎನ್ನುತ್ತಿದ್ದರು ಸದಾನಂದರು. "ಯಾವುದನ್ನು ತೆಗೆದ್ರೆ ಯಾರಿಗೂ ಗೊತ್ತಾಗುದಿಲ್ಲ, ಅದನ್ನು ತೆಗೆಯುದು."

ಸಿದ್ದಲಿಂಗಪ್ಪ ಬಂದದ್ದು ನವೆಂಬರಿನಲ್ಲಿ. ಇಂದ್ರಾಬಾಯಿ ಕೆಲಸ ಮಾಡುವ ಫ್ಯಾಕ್ಟರಿಯಲ್ಲೇ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್. ಐವತ್ತೈದು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಮಗಳು ಇಂಥ ಕಡೆ ಕೆಲಸ ಮಾಡುತ್ತಾಳೆಂದು ಇಂದ್ರಾಬಾಯಿಯೇ ಅವನಿಗೆ ಹೇಳಿದ್ದಳು.

"ಕ್ರೂಜ್ ಅಂತಾರಲ್ರಿ, ಅದು ಬೇಕಾಗಿತ್ತು," ಎಂದ ಅವನು, ಕುರ್ಚಿಯ ತುದಿಯಲ್ಲಿ ಕುಳಿತು. "ನಿಮ್ಮ ಊರಿನ ಹೆಸರಿನಾಗ ಕ್ರೂಜ್ ಅದ. ಸಮುದ್ರ ಇಲ್ಲೇ ಎಲ್ಲೋ ಹತ್ರ ಇರಬೇಕಲ್ರಿ?"

ಸದಾನಂದರು ನಗು ನುಂಗಿಕೊಂಡರು. ಸೇವಂತಿಗೂ ನಗು ಬಂತು, ಅವಳು ಗೋಡೆಯ ಕಡೆ ತಿರುಗಿದಳು.

ವಿಷಯ ಹೀಗಿತ್ತು. ಪ್ಯಾಕಿಂಗ್ ವಿಭಾಗಕ್ಕೆ ಪ್ರತಿ ವರ್ಷ ಮೀಟಿಂಗಿಗೆಂದು ಕಂಪನಿ ಒಂದಿಷ್ಟು ಕೊಡುತ್ತಿತ್ತು. ಪ್ರತಿ ವರ್ಷವೂ ಶೆಡ್ಡಿನಲ್ಲೇ ನಿಂತುಕೊಂಡು ಭಾಷಣ, ಕಾಗದದ ಪೊಟ್ಟಣದಲ್ಲಿ ಎರಡು ಸಮೋಸ. ಮೇಲಿನ ಮಹಡಿಯ ಆಫೀಸಿನವರು ಮಾತ್ರ ಬೋಟಿನಲ್ಲಿ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ಈ ವರ್ಷ ಸಿದ್ದಲಿಂಗಪ್ಪ ಧೈರ್ಯ ಮಾಡಿ ದೊಡ್ಡ ಸಾಹೇಬರ ಮುಂದೆ ನಿಂತು, ಒಂದು ಪೈಸೆ ಹೆಚ್ಚು ಕೇಳದೆ ನಮ್ಮವರನ್ನೂ ಬೋಟಿಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದ.

"ಆಗಲಿಲ್ಲ ಅಂದ್ರ ಮುಂದಿನ ವರ್ಷ ಬಾಯಿ ತೆಗ್ಯಾಕ ಬರಂಗಿಲ್ರಿ. ಮತ್ತ ಸಮೋಸಾನೇ."

ಅವನು ಹೋದ ಮೇಲೆ ಸದಾನಂದರು ಆ ಫೈಲನ್ನು ಸೇವಂತಿಯ ಕಡೆ ತಳ್ಳಿದರು. "ಇದು ನಿನ್ನದು. ಮೊದಲಿಂದ ಕೊನೆವರೆಗೆ. ಅವರ ಭಾಷೆ ನನಗೆ ಅರ್ಧ ತಿಳಿಯುದೇ ಇಲ್ಲ. ನಿನಗೆ ಪೂರ್ತಿ ಗೊತ್ತುಂಟಲ್ಲ."

ಮರುದಿನ ಸೇವಂತಿ ಸಿದ್ದಲಿಂಗಪ್ಪನಿಗೆ ಫೋನು ಮಾಡಿದಳು. ಫೋನೆಂದರೆ ಅವಳಿಗೆ ಭಯ, ಹಾಗಾಗಿ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡೇ ಕುಳಿತಿದ್ದಳು. ಆ ತುದಿಯಲ್ಲಿ ಯಂತ್ರಗಳ ಗದ್ದಲ.

"ಕಾಕಾ, ಎಷ್ಟು ಎಲಿ ಹಿಡೀಬೇಕ್ರಿ?"

"ಎಲೀನೂ ಕೊಡ್ತೀರೇನು?" ಅವನು ಖುಷಿಯಿಂದ ನಕ್ಕ. "ಭಾಳ ಚಲೋ ಆತು ಬಿಡವ್ವ. ಒಂದ್ ನಲವತ್ತು ಹಿಡಿ, ಸಾಕು."

ಅವನು ನಕ್ಕದ್ದು ಯಾಕೆಂದು ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಚೀಟಿಯಲ್ಲಿ ನಲವತ್ತು ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು.

ಆಮೇಲಿನ ಹದಿನೈದು ದಿನ ಅವಳು ಇದ್ದಷ್ಟು ಖುಷಿಯಾಗಿ ಹಿಂದೆಂದೂ ಇರಲಿಲ್ಲ. ನಲವತ್ತು ಜನಕ್ಕೆ ಆ ಬಜೆಟ್ಟು ಚೆನ್ನಾಗಿಯೇ ಸಾಲುತ್ತಿತ್ತು. ಸಂಜೆಯ ಸೂರ್ಯಾಸ್ತಕ್ಕೆ ಬೋಟಿನವರು ದುಪ್ಪಟ್ಟು ಕೇಳುತ್ತಾರೆ, ಬೆಳಿಗ್ಗೆ ಅದೇ ಬೋಟು ಸುಮ್ಮನೆ ಹಗ್ಗ ಕಟ್ಟಿಸಿಕೊಂಡು ನಿಂತಿರುತ್ತದೆ. ಅದನ್ನು ನೋಡಿದ್ದವಳು ಅವಳೇ. ಮಾಝಗಾಂವ್ ಕಡೆಯ ಒಂದು ಜೆಟ್ಟಿಯಲ್ಲಿ ಅನಿಲ ಎಂಬವನ ನಲವತ್ತು ಜನ ಹಿಡಿಸುವ ಬೋಟು ಶನಿವಾರ ಬೆಳಿಗ್ಗೆ ಹತ್ತರಿಂದ ಎರಡು ತಾಸಿಗೆ ಗೊತ್ತಾಯಿತು. ಐದು ನಿಮಿಷ ನಡೆದರೆ ಒಂದು ಮಂಡಳಿಯ ಹಳೆಯ ಸಭಾ ಹಾಲ್, ನಲವತ್ತು ಕುರ್ಚಿ, ಅಲ್ಲಿ ಮೀಟಿಂಗು. ಇನ್ನೂ ಉಳಿಯಿತು. ಅವಳು ಕೇಕು ಸೇರಿಸಿದಳು. ಕಂಪನಿಯ ಹೆಸರಿನ ನೀಲಿ ಟೋಪಿ ಸೇರಿಸಿದಳು. ಕೀಬೋರ್ಡ್ ನುಡಿಸುವವನೊಬ್ಬನನ್ನು ಸೇರಿಸಿದಳು. ಊಟ ಡಬ್ಬಿಯಲ್ಲಿ, ಪನೀರು, ಗುಲಾಬ್ ಜಾಮೂನು ಸಮೇತ.

ಶನಿವಾರಕ್ಕೆ ನಾಲ್ಕು ದಿನ ಉಳಿದಿರುವಾಗ, ಮಂಗಳವಾರ ಮಧ್ಯಾಹ್ನ, ಸಿದ್ದಲಿಂಗಪ್ಪ ಹೆಸರಿನ ಪಟ್ಟಿ ತಂದುಕೊಟ್ಟ. ಸದಾನಂದರು ಹೊರಗೆ ಹೋಗಿದ್ದರು. ಯಕ್ಷಿತಾ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದಳು. ಮೂರು ಹಾಳೆ, ದುಂಡನೆಯ ಕನ್ನಡ ಅಕ್ಷರ. ಮೊದಲ ಹಾಳೆ ಮೂವತ್ತಕ್ಕೆ ಮುಗಿಯಿತು. ಎರಡನೆಯದು ಅರವತ್ತಕ್ಕೆ. ಸೇವಂತಿಯ ಬೆರಳು ಮೂರನೆಯದರ ಮೇಲೆ ಇಳಿಯಿತು. ಎಪ್ಪತ್ತಾರು.

"ಕಾಕಾ, ನಲವತ್ತಂದಿದ್ರಿ."

"ಅದು ಎಲಿ ಅಲ್ಲೇನವ್ವ? ಎಲಿ ಅಡಿಕಿ ಹಾಕ್ಕೊಳ್ಳೋರು ನಲವತ್ತರ ಮ್ಯಾಲಿಲ್ಲ ನಮ್ಮಲ್ಲಿ." ಅವನು ಅವಳ ಮುಖ ನೋಡಿದ. "ಫ್ಯಾಕ್ಟರಿಯೊಳಗ ಎಲಿ ಹಾಕಾಕ ಬಿಡಂಗಿಲ್ಲ. ನೀ ಬೋಟಿನಾಗ ಕೊಡ್ತೀನಿ ಅಂದಿದ್ದು ಕೇಳಿ ನಮ್ಮ ಮಂದಿ ಎಷ್ಟು ಹಿಗ್ಗ್ಯಾರ ಗೊತ್ತದೇನು?"

ಸೇವಂತಿ ಕುರ್ಚಿಯ ಕೈ ಹಿಡಿದುಕೊಂಡಳು. ಅವಳ ಮನೆಯಲ್ಲೂ ಎಲಿ ಎಂದರೆ ವೀಳ್ಯದೆಲೆಯೇ. ತಂದೆ ಊಟವಾದ ಮೇಲೆ "ಎಲಿ ತಾ" ಎಂದರೆ ಯಾರೂ ಬಾಳೆ ಎಲೆ ತಂದುಕೊಡುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತನ್ನು ಬಿಟ್ಟು, ತನ್ನವನೇ ಒಬ್ಬನ ಹತ್ತಿರ ಅವಳು ಆಫೀಸಿನ ಮಾತಾಡಿದ್ದಳು.

ನಡೆದದ್ದನ್ನು ಅವಳು ಹೇಳಿದಾಗ ಸಿದ್ದಲಿಂಗಪ್ಪ ಸಿಟ್ಟಾಗಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಅವನು ಬಹಳ ಹೊತ್ತು ತನ್ನ ಪ್ಲಾಸ್ಟಿಕ್ ಚೀಲವನ್ನು ಮಡಚಿದ, ಬಿಚ್ಚಿದ.

"ಹಿಂಗ ಮಾಡೋಣು," ಎಂದ ಕೊನೆಗೆ. "ಪರ್ಮನೆಂಟ್ ಮಂದಿ ಮೂವತ್ತೊಂಬತ್ತು. ಅವರಷ್ಟೇ ಹೋಗಲಿ. ಉಳಿದವರು ಕಾಂಟ್ರಾಕ್ಟಿನವರು, ಕಸಾ ಹೊಡಿಯೋರು, ಲೋಡಿಂಗಿನವರು. ಅವರಿಗೆ ನಾ ಇನ್ನೂ ಹೇಳಿಲ್ಲ. ಪಕ್ಕಾ ಆದ ಮ್ಯಾಲೆ ಹೇಳಿದ್ರಾತು ಅಂತ ಬಿಟ್ಟಿದ್ದೆ. ಅವರನ್ನ ಎಂದೂ ಯಾರೂ ಎಲ್ಲಿಗೂ ಕರದಿಲ್ಲ. ಹೇಳದಿದ್ರ ಅವರಿಗೆ ಗೊತ್ತೂ ಆಗಂಗಿಲ್ಲ."

ಸೇವಂತಿ ಮೂರನೆಯ ಹಾಳೆಯನ್ನೇ ನೋಡುತ್ತಿದ್ದಳು. ಎಪ್ಪತ್ತೊಂದನೆಯ ಹೆಸರು: ಇಂದ್ರಾಬಾಯಿ ಶಾಂತಪ್ಪ.

"ನಾಳಿತನಕ ತಡೀರಿ ಕಾಕಾ," ಎಂದಳು.

ಸಂಜೆ ಮನೆಯಲ್ಲಿ ಇಂದ್ರಾಬಾಯಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಅವಳಿಗೆ ತಾನು ಪಟ್ಟಿಯಲ್ಲಿದ್ದೇನೆಂಬುದು ಗೊತ್ತಿರಲಿಲ್ಲ. ಮಗಳು ಬೋಟಿನ ಕೆಲಸ ಮಾಡುತ್ತಿದ್ದಾಳೆಂಬುದಷ್ಟೇ ಗೊತ್ತು. ಅದನ್ನು ಚಾಳಿನ ಅಷ್ಟೂ ಬಾಗಿಲಿಗೆ ಹೇಳಿ ಬಂದಿದ್ದಳು.

"ಬೋಟಿನಾಗ ಕುಂತ್ರ ಹೊಟ್ಟಿ ತೊಳಸ್ತದಂತ, ಖರೇ ಏನ?"

"ಒಬ್ಬೊಬ್ಬರಿಗೆ ಆಗ್ತದಂತವ್ವ."

"ನನಗೇನೂ ಆಗಂಗಿಲ್ಲ. ಜೆಸಿಬಿಯೊಳಗ ಕುಂತು ಬಂದಾಕಿ ನಾ." ಸೊಪ್ಪಿನ ಕಡ್ಡಿಯನ್ನು ಪಕ್ಕಕ್ಕೆ ಹಾಕಿ ನಕ್ಕಳು. "ನಮ್ಮನ್ನ ಯಾರ್ ಕರೀತಾರ ಬಿಡು. ಆ ಪ್ಯಾಕಿಂಗಿನ ಭುವನೇಶ್ವರಿ ಹೋಗ್ತಾಳ. ಬಂದ ಮ್ಯಾಲೆ ಆಕೀನ ಕೂಡಿಸ್ಕೊಂಡು ಕೇಳ್ತೀನಿ, ನೀರು ಹೆಂಗಿತ್ತು, ನಮ್ಮ ಸೇವಂತಿ ಹೆಂಗ್ ನಿಂತಿದ್ಲು ಅಂತ."

ಸೇವಂತಿ ಎದ್ದು ನೀರು ಕುಡಿದು ಬಂದಳು. ಯಾವುದನ್ನು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲವೋ ಅದು ಅವಳ ಎದುರಿಗೆ ಕಾಲು ಚಾಚಿ ಕುಳಿತು ಸೊಪ್ಪು ಸೋಸುತ್ತಿತ್ತು.

ಬುಧವಾರ ಬೆಳಿಗ್ಗೆ ಅವಳು ಎಂದಿನ ಲೋಕಲ್ಲಿಗಿಂತ ಮುಂಚಿನದನ್ನು ಹಿಡಿದು, ಕುರ್ಲಾದಿಂದ ಬಸ್ಸಿನಲ್ಲಿ ಸಾಂತಾಕ್ರೂಜಿಗೆ ಬಂದು, ಸದಾನಂದರು ಬರುವ ಮೊದಲೇ ಅವರ ಮೇಜಿನ ಮುಂದೆ ನಿಂತಿದ್ದಳು. ಅವರು ಚಪ್ಪಲಿ ಬಿಡುತ್ತಿರುವಾಗಲೇ ಹೇಳಲು ಶುರುಮಾಡಿದಳು. ನಡುವೆ ನಿಲ್ಲಿಸಿದರೆ ಮತ್ತೆ ಆಗುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದಳು. ಎಲಿ ಎಂದದ್ದು, ಅವನು ನಕ್ಕದ್ದು, ತಾನು ಕೇಳದೆ ಬಿಟ್ಟದ್ದು, ಎಪ್ಪತ್ತಾರು.

"ಎಲೆ ಅಂತ ಕೇಳಿದ್ದಾ ನೀನು? ಅವರ ಹತ್ತಿರ?"

"ಹೂಂ ರಿ."

ಸದಾನಂದರ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಅವರು ಕೆಮ್ಮು ಬರುವಷ್ಟು ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡರು. "ಅಯ್ಯೋ ದೇವರೇ. ನಿನ್ನ ಚಂದದ ಬಾಯಿಯನ್ನು ಹಾಳು ಮಾಡಿದ್ದು ನಾನೇ ಮಾರಾಯ್ತಿ." ಆಮೇಲೆ ನಗು ನಿಂತಿತು. "ನಗುದು ಬೇರೆ. ಶನಿವಾರಕ್ಕೆ ಎಂತ ಮಾಡುದು? ದೊಡ್ಡ ಬೋಟು ಡಿಸೆಂಬರಿನಲ್ಲಿ ಸಿಕ್ಕುದಿಲ್ಲ. ಸಿಕ್ಕಿದರೂ ಆ ಬಜೆಟ್ಟಿಗೆ ಹತ್ತಲಿಕ್ಕೇ ಬಿಡುದಿಲ್ಲ."

ಯಕ್ಷಿತಾ ಇಯರ್‌ಫೋನ್ ತೆಗೆದಳು. "ಮಾಮ, ಸಿಂಪಲ್. ಫಾರ್ಟಿ ಜನ ಹೋಗಲಿ. ಬಾಕಿಯವರಿಗೆ ಪತಾ ಭೀ ನಹೀಂ ಹೈ ನಾ? ನೆಕ್ಸ್ಟ್ ಇಯರ್ ನೋಡುವ."

"ಗೊತ್ತಿಲ್ಲದವರೊಳಗ ನಮ್ಮವ್ವ ಅದಾಳ," ಎಂದಳು ಸೇವಂತಿ.

ಯಕ್ಷಿತಾ ಇಯರ್‌ಫೋನನ್ನು ಮೇಜಿನ ಮೇಲಿಟ್ಟಳು. ಸದಾನಂದರು ಕಿಟಕಿಯ ಕಡೆ ನೋಡಿದರು. ಸೇವಂತಿಯೂ ಅತ್ತಲೇ ನೋಡಿದಳು, ಅವರ ಮುಖ ನೋಡಲಾಗದೆ. ಕೆಳಗೆ ಹೋಟೆಲಿನ ಬಾಗಿಲು ಕಾಣುತ್ತಿತ್ತು. ಆಫೀಸಿಗೆ ಹೋಗುವವರ ಹೊತ್ತು. ಒಳಗೆ ಇದ್ದದ್ದು ಎಂಟೇ ಮೇಜು. ತಿನ್ನುವವರ ಬೆನ್ನ ಹಿಂದೆಯೇ ಕಾಯುವವರು ನಿಂತಿದ್ದರು. ಒಬ್ಬ ಕೈ ತೊಳೆಯಲು ಎದ್ದರೆ ಅವನ ಕುರ್ಚಿ ತಣ್ಣಗಾಗುವ ಮೊದಲೇ ಇನ್ನೊಬ್ಬ ಕೂರುತ್ತಿದ್ದ. ಎಂಟು ಮೇಜಿನ ಹೋಟೆಲು ಒಂದು ತಾಸಿನಲ್ಲಿ ಇನ್ನೂರು ಜನಕ್ಕೆ ಇಡ್ಲಿ ತಿನ್ನಿಸಿ ಕಳಿಸುತ್ತಿತ್ತು.

"ಅಣ್ಣಾರ," ಎಂದಳು. ದನಿ ಒಡೆಯಿತು. ಮತ್ತೆ ಎಂದಳು, "ಅಣ್ಣಾರ, ಮದುವಿಯೊಳಗ ಜಾಗಾ ಸಾಲದಿದ್ರ ನೀವೇನ್ ಮಾಡ್ತಿದ್ರಿ?"

"ಎಂತ ಮಾಡುದು? ಎರಡು ಪಂಕ್ತಿ..." ಸದಾನಂದರು ಮಾತು ಅಲ್ಲೇ ನಿಲ್ಲಿಸಿ ಅವಳನ್ನು ನೋಡಿದರು.

"ಬೋಟು ಎರಡು ತಾಸಿಗೆ ನಮ್ಮದದ. ಒಂದೊಂದು ತಾಸು ಎರಡು ಸಲ ಹೋಗಲಿ. ಅರ್ಧಾ ಮಂದಿ ಬೋಟಿನಾಗ ಇದ್ದಾಗ ಅರ್ಧಾ ಮಂದಿ ಮೀಟಿಂಗಿನಾಗ. ಆಮ್ಯಾಲ ಅದಲು ಬದಲು. ಹಾಲಿನಾಗೂ ನಲವತ್ತೇ ಕುರ್ಚಿ, ಅವೇ ಸಾಕು." ಚೀಟಿಯಿಲ್ಲದೆ ಅವಳು ಇಷ್ಟು ಮಾತಾಡಿದ್ದು ಇದೇ ಮೊದಲು. "ಕೇಕು ಬ್ಯಾಡ. ಟೋಪಿ ಬ್ಯಾಡ. ಕೀಬೋರ್ಡೂ ಬ್ಯಾಡ. ಡಬ್ಬಿ ಬದಲಿ..."

"ಡಬ್ಬಿ ಬದಲಿಗೆ ಎಲೆ ಊಟ!" ಸದಾನಂದರು ಮೇಜು ಕುಟ್ಟಿದರು. "ಅನ್ನ, ಸಾರು, ಒಂದು ಪಲ್ಯ, ಒಂದು ಪಾಯಸ. ನನ್ನ ಹಳೆ ಅಡುಗೆಯವರನ್ನು ನಾನು ಕರೆಸುತ್ತೇನೆ. ನೀನು ಬೋಟಿನವನನ್ನು ಒಪ್ಪಿಸು, ಮತ್ತೆ ಆ ದೊಡ್ಡ ಸಾಹೇಬರನ್ನು. ಅವರು ಅದೇ ಭಾಷಣ ಎರಡು ಸಲ ಮಾಡಬೇಕಲ್ಲ!"

"ನಾನಾ?"

"ಮತ್ತೆ ಯಾರು? ಫೈಲು ಯಾರದ್ದು?"

ಅನಿಲ ಮಾತಾಡುವುದು ಮರಾಠಿ. ಬೋಟು ಗೊತ್ತುಮಾಡುವಾಗ ಯಕ್ಷಿತಾ ಹಿಂದಿಯಲ್ಲಿ ಮುಗಿಸಿದ್ದಳು. ಈಗ ಅವಳೇ ಮಾಡಿಕೊಡಲೇ ಎಂದು ಕೈ ಚಾಚಿದಳು. ಸೇವಂತಿ ತಲೆಯಾಡಿಸಿ, ಫೋನು ಹಿಡಿದು ಮೆಟ್ಟಿಲಿನ ತಿರುವಿಗೆ ಹೋಗಿ ನಿಂತಳು. ಎಂಟು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದ ಭಾಷೆ ಮೊದಲು ತೊದಲಿತು.

"ದಾದಾ, ಐಕಾ ನಾ..." ಅಣ್ಣಾ, ಸ್ವಲ್ಪ ಕೇಳಿ, ಎಂದು ಶುರುಮಾಡಿದಳು.

ಅನಿಲ ಕೇಳಿದ, ಆಮೇಲೆ ಗೊಣಗಿದ. ಎರಡು ಸಲ ಹಗ್ಗ ಕಟ್ಟಬೇಕು, ಎರಡು ಸಲ ಬಿಚ್ಚಬೇಕು, ಎರಡು ಸಲ ಜನರನ್ನು ಕೈ ಹಿಡಿದು ಹತ್ತಿಸಬೇಕು. ಅಲ್ಲದೆ ನಲವತ್ತೆಂದರೆ ತನ್ನನ್ನೂ ತನ್ನ ಜೊತೆಯವನನ್ನೂ ಸೇರಿಸಿ ನಲವತ್ತು. ಮೂವತ್ತೆಂಟರ ಮೇಲೆ ಒಂದು ಮಗುವನ್ನೂ ಹತ್ತಿಸುವುದಿಲ್ಲ. ಸೇವಂತಿ ಮನಸ್ಸಿನಲ್ಲೇ ಭಾಗಿಸಿದಳು. ಎಪ್ಪತ್ತಾರರಲ್ಲಿ ಅರ್ಧ ಮೂವತ್ತೆಂಟು. ಸರಿಯಾಗಿ ಮೂವತ್ತೆಂಟು. ಹತ್ತಿಸುವುದಕ್ಕೆ ತಾನೇ ನಿಲ್ಲುತ್ತೇನೆ ಎಂದಳು. ಮಧ್ಯಾಹ್ನ ನಿಮ್ಮಿಬ್ಬರಿಗೂ ನಮ್ಮಲ್ಲೇ ಊಟ, ಪಾಯಸ ಇದೆ ಎಂದಳು. ಒಂದು ಕ್ರಿಯಾಪದ ತಪ್ಪಿತು, ಅವನು ನಗಲಿಲ್ಲ. ಪಾಯಸದಲ್ಲಿ ಗೋಡಂಬಿ ಹಾಕುತ್ತೀರಾ ಎಂದು ಕೇಳಿದ.

ದೊಡ್ಡ ಸಾಹೇಬರ ಫೋನು ಸಿಕ್ಕಿದ್ದು ಸಂಜೆಗೆ. ಭಾಷಣ ಎರಡು ಸಲ ಆಗಬೇಕೆಂದು ಹೇಗೋ ಹೇಳಿದಳು. ಸೇವಂತಿ ಕಣ್ಣು ಮುಚ್ಚಿಕೊಂಡು ಕಾದಳು.

"ಅಂದರೆ," ಎಂದು ಅವರು ದನಿ ತಗ್ಗಿಸಿ ಹಿಂದಿಯಲ್ಲಿ ಕೇಳಿದರು, "ಎರಡೂ ಹೊತ್ತು ನಾನು ಹಾಲಿನಲ್ಲೇ ಇರಬೇಕಾಗುತ್ತದೆ. ಬೋಟಿಗೆ ಹತ್ತುವುದಕ್ಕೆ ನನಗೆ ಆಗುವುದೇ ಇಲ್ಲ, ಅಲ್ಲವಾ?"

"ಆಗುವುದಿಲ್ಲ, ಸರ್. ಕ್ಷಮಿಸಿ."

"ಪರವಾಗಿಲ್ಲ, ಪರವಾಗಿಲ್ಲ," ಎಂದರು ಸಾಹೇಬರು, ಬಹಳ ಹಗುರಾದ ದನಿಯಲ್ಲಿ. "ಹೋದ ವರ್ಷ ಆಫೀಸಿನವರ ಜೊತೆ ಹತ್ತಿ ನನ್ನ ಗತಿ ಏನಾಯಿತೆಂದು ನನಗೇ ಗೊತ್ತು. ಎರಡೇನು, ಮೂರು ಭಾಷಣ ಮಾಡುತ್ತೇನೆ."

ಶನಿವಾರ ಬಿಸಿಲು ಹಿತವಾಗಿತ್ತು. ಫ್ಯಾಕ್ಟರಿಯ ಎರಡು ಬಸ್ಸು ಜೆಟ್ಟಿಯ ಹೊರಗೆ ನಿಂತವು. ಇಳಿದವರಲ್ಲಿ ಹೆಂಗಸರು ಮದುವೆಗೆ ಹೊರಟವರಂತೆ ಸೀರೆ ಉಟ್ಟಿದ್ದರು. ಇಂದ್ರಾಬಾಯಿಗೆ ಗುರುವಾರ ಸಿದ್ದಲಿಂಗಪ್ಪನೇ ಹೇಳಿದ್ದ. ಆ ಸಂಜೆ ಅವಳು ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದು, ನ್ಯಾಫ್ತಲಿನ್ ವಾಸನೆ ಹೋಗಲೆಂದು ಗ್ಯಾಲರಿಯಲ್ಲಿ ಹರವಿದ್ದಳು. ಚಾಳಿನವರೆಲ್ಲ ಕೇಳಲಿ ಎಂದೇ ಹರವಿದ್ದಳು. ಎಲ್ಲರೂ ಕೇಳಿದರು.

ಮೊದಲ ತಂಡ ಹೋಗಿ ಬಂತು. ಕೂದಲು ಕೆದರಿಕೊಂಡು, ಮುಖವೆಲ್ಲ ಉಪ್ಪಾಗಿ ಇಳಿದ ಗಂಡಸರು ಹುಡುಗರಂತೆ ಒಬ್ಬರನ್ನೊಬ್ಬರು ನೂಕಾಡಿಕೊಂಡು ಹಾಲಿನ ಕಡೆ ನಡೆದರು. ಅವರ ಜೊತೆ ಇಳಿದ ಸಿದ್ದಲಿಂಗಪ್ಪ ಸದಾನಂದರಿಗೆ, "ಮೊದಲನೇ ಭಾಷಣ ಅರ್ಧಾ ತಾಸು ಆತಂತ್ರಿ. ಎರಡನೇದಕ್ಕ ಸಾಹೇಬ್ರಿಗೇ ಬ್ಯಾಸರಾಗಿ ಲಗೂನ ಮುಗಸ್ತಾರ ನೋಡ್ರಿ," ಎನ್ನುತ್ತಿದ್ದ.

ಎರಡನೆಯ ತಂಡದ ಹೆಸರು ಕೂಗಬೇಕಾದವಳು ಸೇವಂತಿ. ಒಬ್ಬೊಬ್ಬರ ಹೆಸರು ಕರೆದು, ಗುರುತು ಹಾಕಿ, ಒಬ್ಬೊಬ್ಬರನ್ನೇ ಹಲಗೆ ದಾಟಿಸಬೇಕು. ಮೊದಲ ತಂಡಕ್ಕೆ ಅವಳ ದನಿ ಮೂರನೆಯ ಸಾಲಿನವರಿಗೂ ಕೇಳಿಸಿರಲಿಲ್ಲ. ಸಿದ್ದಲಿಂಗಪ್ಪ ಪಕ್ಕದಲ್ಲಿ ನಿಂತು ಪ್ರತಿ ಹೆಸರನ್ನೂ ಮತ್ತೆ ಕೂಗಬೇಕಾಗಿತ್ತು. ಈಗ ಅವನು ಹಾಲಿನಲ್ಲಿದ್ದ. ಗಾಳಿ ಜೋರಾಗಿತ್ತು. ಅವಳು ಗಂಟಲು ಸರಿಮಾಡಿಕೊಂಡು ಕೂಗಿದಳು.

ಮೂವತ್ತೆರಡು ಜನ ಹತ್ತಿದರು. ಮುಂದಿನ ಹೆಸರಿಗೆ ಬಂದಾಗ ನಾಲಿಗೆ ತಡೆಯಿತು. ಹೆತ್ತವ್ವನನ್ನು ಹೆಸರು ಹಿಡಿದು ಕರೆಯುವುದು ಅವರ ಮನೆಯಲ್ಲಿ ಯಾರೂ ಮಾಡಿದ್ದಲ್ಲ. ಇಂದ್ರಾಬಾಯಿ ಸಾಲಿನಲ್ಲಿ ಸೆರಗು ಹೊದ್ದು ನಿಂತಿದ್ದಳು. ಆದರೆ ಅವಳ ಕಣ್ಣು ಬೋಟಿನ ಮೇಲಿರಲಿಲ್ಲ, ಮಗಳ ಮೇಲಿತ್ತು.

"ಅವ್ವಾ, ನೀ ಹತ್ತು," ಎಂದಳು ಸೇವಂತಿ ಮೆಲ್ಲಗೆ.

"ನಿಂದೆಲ್ಲದ ಸೀಟು?"

"ನನಗಿಲ್ಲವ್ವ. ಮೂವತ್ತೆಂಟಕ್ಕ ಮುಗೀತು. ನಂದು ಕೆಲಸ ಅದ."

"ಹಂಗಾದ್ರ ನಾನೂ ಒಲ್ಲೆ." ಇಂದ್ರಾಬಾಯಿ ಸಾಲಿನಿಂದ ಪಕ್ಕಕ್ಕೆ ಸರಿದಳು. "ನೀನ ಹೋಗಿ ಬಾ. ನಾ ಏನ್ ನೋಡ್ಲಿ ಆ ನೀರು? ದಿನಾ ಬಕೆಟಿನಾಗ ನೋಡ್ತೀನಿ."

ಹಿಂದಿದ್ದವರು ಗಲಾಟೆ ಎಬ್ಬಿಸಿದರು. "ಏ ಇಂದ್ರವ್ವ, ಹತ್ತೇ! ಬಿಸಲಾಗ ಹಪ್ಪಳ ಆಗ್ಲಿಕತ್ತೀವಿ!" ಬೋಟಿನ ಮೇಲಿಂದ ಅನಿಲ ಕೈಗಡಿಯಾರ ತೋರಿಸಿದ. ಇಂದ್ರಾಬಾಯಿ ಇನ್ನೊಂದು ಹೆಜ್ಜೆ ಹಿಂದೆ ಸರಿದಳು. ಅವಳು ಒಮ್ಮೆ ಒಲ್ಲೆ ಎಂದರೆ ಶಾಂತಪ್ಪನಿಂದಲೂ 'ಹೂಂ' ಅನ್ನಿಸಲು ಆಗುತ್ತಿರಲಿಲ್ಲ.

ಸೇವಂತಿ ಹಾಳೆಯನ್ನು ಮುಖದ ಮುಂದೆ ಎತ್ತಿ ಹಿಡಿದಳು. ಅದರ ಹಿಂದಿನಿಂದ, ಜೆಟ್ಟಿಯ ತುದಿಯಲ್ಲಿ ಬಲೆ ಬಿಡಿಸುತ್ತಿದ್ದವರೂ ತಿರುಗಿ ನೋಡುವಂತೆ, ಕೂಗಿದಳು.

"ಮೂವತ್ತಮೂರು! ಇಂದ್ರಾಬಾಯಿ ಶಾಂತಪ್ಪ!"

ಶಾಲೆಯ ಮೆಟ್ಟಿಲನ್ನೇ ಹತ್ತದ ಇಂದ್ರಾಬಾಯಿ, ತನ್ನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಕೂಗಿದ್ದನ್ನು ಕೇಳದ ಇಂದ್ರಾಬಾಯಿ, ನೆಟ್ಟಗೆ ನಿಂತಳು. ಸೆರಗು ಬಿಗಿ ಮಾಡಿದಳು.

"ಹಾಜರ್ರೀ!" ಎಂದಳು.

ಹೆಂಗಸರೆಲ್ಲ ಹೋ ಎಂದು ನಕ್ಕರು. ಆ ನಗುವಿನಲ್ಲೇ ಅವಳು ಹಲಗೆ ದಾಟಿದಳು. ಸೇವಂತಿ ಹಾಳೆಯನ್ನು ಇಳಿಸಲಿಲ್ಲ. ಮುಂದಿನ ಐದು ಹೆಸರನ್ನೂ ಅದರ ಹಿಂದಿನಿಂದಲೇ ಕೂಗಿದಳು.

ಬೋಟು ಹಗ್ಗ ಬಿಚ್ಚಿಕೊಂಡು ಹಿಂದಕ್ಕೆ ಸರಿಯಿತು, ತಿರುಗಿತು, ಹೋಯಿತು. ಬೆಳಿಗ್ಗೆ ಆರರಿಂದ ಅವಳಿಗೆ ಮೊದಲ ಸಲ ಮಾಡಲು ಏನೂ ಇರಲಿಲ್ಲ. ಸದಾನಂದರು ಹಾಲಿನಲ್ಲಿ ಎಲೆ ಒರೆಸಿಸುತ್ತಿರಬೇಕು. ಅವಳು ಒಂದು ಕಬ್ಬಿಣದ ಗೂಟದ ಮೇಲೆ ಕುಳಿತಳು. ಬೋಟಿನ ಮೇಲಿನ ಬಣ್ಣಗಳು ಒಂದರೊಳಗೊಂದು ಬೆರೆತವು. ಹಸಿರು ಎಲ್ಲಿದೆಯೆಂದು ತಿಳಿಯದಾಯಿತು.

ಫೋನು ಬಡಿದುಕೊಂಡಿತು. ತುಂಬ ಗಾಳಿ, ಇಂಜಿನ್ನಿನ ಸದ್ದು, ಹಿಂದೆ ಯಾರೋ ಹಾಡುತ್ತಿದ್ದರು.

"ಕೇಳಸ್ತದೇನ? ಹೊಟ್ಟಿ ಏನೂ ತೊಳಸಂಗಿಲ್ಲ ನನಗ!" ಇಂದ್ರಾಬಾಯಿ ಫೋನಿಲ್ಲದೆಯೂ ಕೇಳುವಷ್ಟು ಜೋರಾಗಿ ಕೂಗಿದಳು. "ಭುವನೇಶ್ವರಿ ಮುಂಜಾನಿ ಹೋಗಿ ಬಂದಾಕಿ ಒಂದ್ ಮಾತೂ ಖರೇ ಹೇಳಿಲ್ಲ ನೋಡು. ನೀರು ಹಸರ್ ಅದ ಅಂದ್ಲು. ಹಸರ್ ಅಲ್ಲ, ನಮ್ಮ ಚಾದಂಗ ಅದ. ಭಾಳ ಛಂದ ಅದ."

"ಕುಂತೀಯಿಲ್ಲೋ? ಗಟ್ಟಿ ಹಿಡ್ಕೊ."

"ಎಲ್ಲಿ ಕುಂದರ್ಲಿ? ನಿನ್ನ ಹುಡಕ್ಲಾಕತ್ತೀನಿ. ಎಲ್ಲಾರೂ ಅತ್ಲಾಗ ನೋಡ್ಲಾಕತ್ತಾರ, ನಾ ಇತ್ಲಾಗ. ಎಲ್ಲಿ ನಿಂತೀ? ಕೈ ಎತ್ತು."

ಸೇವಂತಿ ಸುತ್ತ ನೋಡಿದಳು. ಬಲೆಯವರು, ಮೀನಿನ ಬುಟ್ಟಿಯವರು, ಚಹಾದವನು. ಅವಳು ಎದ್ದು ನಿಂತು ಕೈಯನ್ನು ಭುಜದವರೆಗೆ ಎತ್ತಿದಳು.

"ಕಾಣವಲ್ಲಿ. ಮ್ಯಾಲೆತ್ತು."

ಅವಳು ಮೇಲೆತ್ತಿದಳು.

"ಇನ್ನೊಂದೂ ಎತ್ತು!"

ಸೇವಂತಿ ಹೆಸರಿನ ಹಾಳೆಗಳನ್ನು ಕಂಕುಳಲ್ಲಿ ಇರುಕಿಸಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಕತ್ತು ವಾಲಿಸಿಕೊಂಡೇ ಇನ್ನೊಂದು ಕೈಯನ್ನೂ ಎತ್ತಿದಳು. ಹಾಳೆಗಳು ಜಾರಿದವು. ಚಹಾದವನು ಕೆಟಲ್ ಹಿಡಿದು ಅವಳನ್ನೇ ನೋಡುತ್ತ ನಿಂತ. ಅವಳು ಕೈ ಇಳಿಸಲಿಲ್ಲ. ಎರಡನ್ನೂ ಬೀಸಿದಳು, ದೊಡ್ಡದಾಗಿ, ಅತ್ತಿಂದಿತ್ತ.

"ಹಾಂ, ಕಂಡಿ, ಕಂಡಿ!" ಎಂದಳು ಅವ್ವ. "ಸಣ್ಣಾಕಿ ಕಾಣ್ಲಾಕತ್ತಿ. ಹಂಗ ನಿಂದ್ರು, ಇಳಸಬ್ಯಾಡ. ಎಲ್ಲಾರಿಗೂ ತೋರಸ್ತೀನಿ."